ಹೊಲಿದ ಆಕಾಶ

“ಆ ಹಕ್ಕಿಸಾಲು ಹಿಡಿದಿದ್ದೀರಲ್ಲ ಮೇಡಂ, ಅದೊಂದಕ್ಕೇ ನಿಮಗೆ ದೊಡ್ಡ ನಮಸ್ಕಾರ,” ಎಂದ ಮ್ಯಾನೇಜರ್.

ಮಬ್ಬಕ್ಕ ತಲೆಯೆತ್ತಿ ನೋಡಿದಳು. ದೋಣಿಕಟ್ಟೆಯಲ್ಲಿ ಪ್ರಯಾಣಿಕರು ಕಾಯುವ ಕೊಠಡಿ ಅದು. ಟಿಕೆಟ್ ಕಿಟಕಿಯ ಎದುರು ಗೋಡೆಗೆ ಅವಳು ತೆಗೆದ, ಹನ್ನೆರಡು ಅಡಿ ಅಗಲದ ಫೋಟೋವನ್ನು ಆಗಷ್ಟೇ ಏರಿಸಿ, ಮೇಲಿನ ಕಾಗದ ಕಿತ್ತಿದ್ದರು. ಕೆಳಗೆ ಅವಳ ಕರಿಬಂಡೆಗಳಿದ್ದವು, ಅವಳ ಅಲೆಗಳಿದ್ದವು, ಬಂಡೆಯ ಸಂದಿನಲ್ಲಿ ಬೆನ್ನು ಬಗ್ಗಿಸಿ ನಿಂತ ಒಂಟಿ ಮರವಿತ್ತು. ಮೇಲೆ ಮಾತ್ರ ಅವಳು ಜನ್ಮದಲ್ಲಿ ತೆಗೆಯದ ನೀಲಿ ಆಕಾಶ. ಆ ನೀಲಿಯ ನಡುವೆ ದಿಂಬಿನಂಥ ಒಂದು ಬಿಳಿಮೋಡ, ಮೋಡದ ಹೊಟ್ಟೆಯ ಕೆಳಗೆ ಕೊಕ್ಕೆಯ ಹಾಗೆ ಬಾಗಿದ ಕಪ್ಪು ಗೀಟುಗಳ ಸಾಲು.

“ಅದು ಹಕ್ಕಿ ಅಲ್ಲ,” ಎಂದಳು. “ಹೊಲಿಗೆ.”

“ಏನಂದ್ರಿ?”

“ಹೊಲಿಗೆ ಸಾರ್. ಸೂಜಿ, ದಾರ. ನಮ್ಮಪ್ಪ ಹಾಕಿದ್ದು.”

ಮ್ಯಾನೇಜರ್ ನಕ್ಕ. ಕಲಾವಿದರು ಹೀಗೆಲ್ಲ ಏನೇನೋ ಹೇಳುತ್ತಿರುತ್ತಾರೆ ಎಂದು ಅವನಿಗೆ ಯಾರೋ ಹೇಳಿದ್ದಿರಬೇಕು. ಸಮುದ್ರದ ದಂಡೆಯಲ್ಲಿ ಹೊಸದಾಗಿ ಕಟ್ಟಿದ ಅತಿಥಿಗೃಹಗಳ ಮ್ಯಾನೇಜರ್ ಅವನು. ದೋಣಿಯಲ್ಲಿ ಬಂದಿಳಿಯುವ ಪ್ರವಾಸಿಗರ ಕಣ್ಣಿಗೆ ಮೊದಲು ಬೀಳಲೆಂದೇ ಈ ಗೋಡೆಯನ್ನು ಕೇಳಿ ಪಡೆದಿದ್ದ. ಮಾರನೆಯ ದಿನ ಬೆಳಗ್ಗೆ ಹತ್ತಕ್ಕೆ ಸಮಾರಂಭ. ಚಿತ್ರದ ಕೆಳಗೆ ಮಬ್ಬಕ್ಕನ ನಿಜವಾದ ಹೆಸರು, ಊರಿಗೆ ಊರೇ ಮರೆತುಬಿಟ್ಟಿದ್ದ ಹೆಸರು, ಗೇಣುದ್ದದ ಅಕ್ಷರಗಳಲ್ಲಿ ಹೊಳೆಯುತ್ತಿತ್ತು. ಅದನ್ನು ಓದಿ ಅವಳ ಮೈಯೆಲ್ಲ ಉರಿದುಹೋಯಿತು.

“ಇಳಿಸಿ ಇದನ್ನ.”

“ಅಯ್ಯೋ ಮೇಡಂ, ನಿಮ್ಮಣ್ಣನೇ ಅಲ್ವಾ ಕೊಟ್ಟಿದ್ದು? ಸ್ವಲ್ಪ ಬಿಸಿಲು ಬೇಕಿತ್ತು ಅಂದೆ, ಎರಡೇ ದಿನಕ್ಕೆ ತಂದುಕೊಟ್ರು.”

“ಹಾಗಾದ್ರೆ ನನ್ನ ಹೆಸರು ಕಿತ್ತುಹಾಕಿ.”

ಮ್ಯಾನೇಜರ್ ನಗುವುದನ್ನು ನಿಲ್ಲಿಸಿದ. “ಹೆಸರು ಹೋದ್ರೆ ಪುಸ್ತಕಾನೂ ಹೋಗುತ್ತೆ ಮೇಡಂ. ಯೋಚನೆ ಮಾಡಿ. ನಾಳೆ ಬಂದು ಎರಡು ಮಾತಾಡಿ, ಒಂದು ನಗು ನಕ್ಕು ಹೋಗಿ. ಅಷ್ಟೇ ನಾನು ಕೇಳ್ತಿರೋದು.”

ಆ ಪುಸ್ತಕ ಅವಳದು. ಈ ಕರಾವಳಿಯ ಅರವತ್ತು ಚಿತ್ರಗಳು, ಎಲ್ಲವೂ ಅವಳವೇ, ದಪ್ಪ ರಟ್ಟಿನೊಳಗೆ. ಹದಿನೈದು ವರ್ಷದಿಂದ ಕಂಡ ಕನಸು ಅದು. ಈ ಒಂದು ಚಿತ್ರ ಒಪ್ಪಿಗೆಯಾದರೆ ಅಚ್ಚು ಹಾಕಿಸುವುದಾಗಿ ಅತಿಥಿಗೃಹದವರು ಮಾತು ಕೊಟ್ಟಿದ್ದರು.

ಮಬ್ಬಕ್ಕ ಎಂಬ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಊರಿನವರೆಲ್ಲ ಮೋಡ ಕಟ್ಟಿತೆಂದು ಒಣಗಿದ ಬಟ್ಟೆ ಎತ್ತಿಕೊಂಡು ಒಳಗೆ ಓಡುವಾಗ ಈ ಮಹಾತಾಯಿ ಕ್ಯಾಮೆರಾ ಹೆಗಲಿಗೇರಿಸಿ ಹೊರಗೆ ಹೊರಡುತ್ತಿದ್ದಳು. ಬಿಸಿಲು ಬಿದ್ದ ದಿನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತ, ಗಲ್ಲ ಸ್ವಲ್ಪ ಎತ್ತಿ ಎನ್ನುತ್ತ, ಕಿಟಕಿಯಾಚೆ ನೋಡಿ ನಿಟ್ಟುಸಿರು ಬಿಡುತ್ತಿದ್ದಳು. ಮದುವೆಯ ಗೊಡವೆ ಬೇಡ ಎಂದವಳು, ಮಂಜು ಎಂದರೆ ಮೂರು ಮೈಲಿ ನಡೆದಾಳು. ಹುಚ್ಚು ಎನ್ನಿ, ಹಟ ಎನ್ನಿ, ಅವಳಂತೂ ತಲೆ ಕೆಡಿಸಿಕೊಂಡವಳಲ್ಲ.

ಈ ಚಿತ್ರಕ್ಕೆ ಹನ್ನೊಂದು ದಿನ ಹಿಡಿದಿತ್ತು. ದಿನಾ ಮೊದಲ ದೋಣಿಗೆ ಆಚೆ ದಡದ ಬಂಡೆಗಳಿಗೆ ಹೋಗಿ, ಮುಕ್ಕಾಲಿ ಊರಿ, ಮಳೆಗೆ ಪ್ಲಾಸ್ಟಿಕ್ ಹೊದ್ದು ಕೂರುತ್ತಿದ್ದಳು. ದೋಣಿಯವನು ಬೈಯುತ್ತಲೇ ಕರೆದೊಯ್ಯುತ್ತಿದ್ದ, ಬೈಯುತ್ತಲೇ ಜೊತೆಗೆ ಕೂರುತ್ತಿದ್ದ. ಹನ್ನೊಂದನೆಯ ದಿನ ಮೋಡ ಇಳಿದು ಇಳಿದು ಬಂಡೆಗಳ ಮೇಲೆಯೇ ಕೂತುಬಿಟ್ಟಿತು. ಹಗಲೋ ರಾತ್ರಿಯೋ ತಿಳಿಯದ ಕತ್ತಲು. ಆಗ ಸಮುದ್ರದ ಅಂಚಿನಲ್ಲಿ, ಮುಚ್ಚಿದ ಬಾಗಿಲ ಕೆಳಗೆ ದೀಪದ ಬೆಳಕು ಕಾಣುವುದಲ್ಲ, ಅಂಥ ಒಂದು ಸೀಳು ಬಿಟ್ಟಿತು. ಎರಡು ಸಲ ಗುಂಡಿ ಒತ್ತಿದಳು. ಮೂರನೆಯದಕ್ಕೆ ಬೆಳಕು ಮುಚ್ಚಿಕೊಂಡಿತು.

“ಇದಕ್ಕಾ ಹನ್ನೊಂದು ದಿನ?” ಎಂದು ದೋಣಿಯವನು ಸೀನುತ್ತ ಕೇಳಿದ್ದ.

“ಇದಕ್ಕೇ,” ಎಂದು ಮಬ್ಬಕ್ಕ ಅವನ ಒದ್ದೆ ಭುಜ ಹಿಡಿದು ಅಲುಗಾಡಿಸಿದ್ದಳು. ಅವನ ಮುಂದೆಯೇ ಕಣ್ಣೀರು ಬಂದಿತ್ತು. ಈಗ ಆ ಸೀಳಿನ ಮೇಲೆ ಸಲೀಸಾಗಿ ನೀಲಿ ಬಳಿದಿದ್ದರು.

ಸ್ಟುಡಿಯೋದಲ್ಲಿ ಅಣ್ಣ ಕಂಪ್ಯೂಟರಿನ ಮುಂದೆ ಕೂತು ಯಾರೋ ಮದುಮಗಳ ಕೆನ್ನೆ ತಿದ್ದುತ್ತಿದ್ದ.

“ಅಣ್ಣಾ, ನನ್ನ ಆಕಾಶ ಎಲ್ಲಿ?”

ಅವನು ಮೌಸ್ ನಿಲ್ಲಿಸಲಿಲ್ಲ. “ಹಾಕಿದ್ರಾ ಗೋಡೆಗೆ? ಹೇಗೆ ಕಾಣುತ್ತೆ?”

“ಅಪ್ಪನ ಪರದೆ ತಂದು ನನ್ನ ಸಮುದ್ರದ ಮೇಲೆ ಅಂಟಿಸಿದ್ದೀಯಲ್ಲ, ನಿಂಗೆ ನಾಚಿಕೆ ಆಗಲಿಲ್ವಾ?”

“ಕೂತ್ಕೋ ಪುಟ್ಟಿ. ಮೊದ್ಲು ನೀರು ಕುಡಿ.” ನಲವತ್ತಾರರ ತಂಗಿ ಅವನಿಗೆ ಇನ್ನೂ ಪುಟ್ಟಿಯೇ. “ಆ ಮನುಷ್ಯ ಬೂದು ಆಕಾಶ ಬೇಡ ಅಂತ ವಾಪಸ್ ಕಳಿಸಿದ್ದ. ಬೇರೆಯವರ ಹತ್ರ ಮಾಡಿಸ್ಕೋತೀನಿ ಅಂದ. ನಿನ್ನ ಪುಸ್ತಕ ಕೈತಪ್ಪಿ ಹೋಗ್ತಿತ್ತು. ನಿಂಗೆ ಹೇಳಿದ್ರೆ ಜಪ್ಪಯ್ಯ ಅಂದ್ರೂ ಒಪ್ತಿರ್ಲಿಲ್ಲ. ಅದಕ್ಕೇ ನಾನೇ... ಆತುರದಲ್ಲಿ ಕೈಗೆ ಸಿಕ್ಕಿದ್ದು ಅದೇ ಆಕಾಶ.”

ಅವನ ಕೈಗೆ ಅದಲ್ಲದೆ ಇನ್ಯಾವ ಆಕಾಶ ಸಿಗಬೇಕು? ಅಪ್ಪ ಸ್ಟುಡಿಯೋ ತೆರೆದ ವರ್ಷ ದಪ್ಪ ಬಟ್ಟೆಯ ಮೇಲೆ ತನ್ನ ಕೈಯಾರೆ ಬಣ್ಣ ಹಚ್ಚಿ ಮಾಡಿದ ಪರದೆ ಅದು. ಊರಿನ ಅರ್ಧ ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡವರು. ಬಟ್ಟೆ ಹಳೆಯದಾದ ಮೇಲೆ ಅಣ್ಣ ಅದರದೇ ಒಂದು ಫೋಟೋ ಹಿಡಿದು ಕಂಪ್ಯೂಟರಿನಲ್ಲಿಟ್ಟುಕೊಂಡ. ಮಳೆಯಲ್ಲಿ ಮದುವೆಯಾದ ಜೋಡಿಗಳ ಹಿಂದೆಲ್ಲ ಅದೇ ನೀಲಿ, ಅದೇ ದಿಂಬು. ಮಬ್ಬಕ್ಕ ಏಳು ವರ್ಷದವಳಿದ್ದಾಗ ಮೂರು ಗಾಲಿಯ ಸೈಕಲ್ ಓಡಿಸಿಕೊಂಡು ಬಂದು ಆ ಪರದೆಗೆ ನುಗ್ಗಿಸಿದ್ದಳು. ಅಪ್ಪ ಗದರಲಿಲ್ಲ. ನೀಲಿ ದಾರ ಸಿಗದೆ ಕಪ್ಪು ದಾರದಲ್ಲೇ ಹೊಲಿದು, ಮೇಲೆ ಬಣ್ಣ ಮೆತ್ತಿದ್ದ. ಬಣ್ಣ ಉದುರಿತು, ದಾರ ಉಳಿಯಿತು. ಅಂಗೈಯಗಲದ ಆಲ್ಬಮ್ಮಿನಲ್ಲಿ ಅದು ಯಾವತ್ತೂ ಕಂಡದ್ದಿಲ್ಲ. ಹನ್ನೆರಡು ಅಡಿಗೆ ಹಿಗ್ಗಿಸುವುದನ್ನು ಅಣ್ಣ ತನ್ನ ಜನ್ಮದಲ್ಲಿ ಮಾಡಿದವನಲ್ಲ.

“ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ,” ಅಣ್ಣನಿಗೂ ಈಗ ರೇಗಿತ್ತು. “ಮೊಡವೆ ತೆಗೀತೀನಿ, ಬೋಳುತಲೆಗೆ ಕೂದಲು ಇಡ್ತೀನಿ. ನನ್ನ ಮೊಡವೆ ಎಲ್ಲಿ ಅಂತ ಒಬ್ಬರಾದ್ರೂ ಬಂದು ಜಗಳ ಆಡಿದ್ದಾರಾ?”

“ಸಮುದ್ರ ಮದುವೆಗೆ ಹೊರಟಿಲ್ಲ ಅಣ್ಣ. ಅದಕ್ಕೆ ಯಾಕೆ ಸಿಂಗಾರ?”

ಅಣ್ಣ ಮತ್ತೆ ಮದುಮಗಳ ಕೆನ್ನೆಗೆ ತಿರುಗಿದ. ಸ್ವಲ್ಪ ಹೊತ್ತಿಗೆ ಅಟ್ಟದ ಮೇಲೆ ಡಬ್ಬಗಳು ಸರಿಯುವ ಸದ್ದಾಯಿತು. ಮಬ್ಬಕ್ಕ ತಲೆತುಂಬ ಜೇಡರಬಲೆ ಮೆತ್ತಿಕೊಂಡು, ಸುತ್ತಿದ ಹಳೆಯ ಬಟ್ಟೆಯನ್ನು ಹೆಗಲ ಮೇಲಿಟ್ಟುಕೊಂಡು ಏಣಿ ಇಳಿದಳು.

“ಅದನ್ನೆಲ್ಲಿಗೆ?”

“ಅಪ್ಪನ್ನ ನಾಳೆ ಸಮಾರಂಭಕ್ಕೆ ಕರ್ಕೊಂಡು ಹೋಗ್ತೀನಿ. ಅವರದೇ ಚಿತ್ರ ಅಲ್ವಾ?”

“ಪುಟ್ಟಿ, ಬೇಡ. ನಾಲ್ಕು ಜನರ ಮುಂದೆ ನನ್ನ ಮಾನ ಹೋಗುತ್ತೆ. ನಿನ್ನ ಪುಸ್ತಕಾನೂ ಹೋಗುತ್ತೆ.”

“ಪುಸ್ತಕ ಹೋಗ್ಲಿ,” ಎಂದಳು. “ಅದರೊಳಗೂ ಈ ನೀಲೀನೇ ಬಳೀತಾರೆ. ಅಲ್ಲಿರೋದು ನಾನಲ್ಲ ಅಂದ್ಮೇಲೆ ಇಟ್ಕೊಂಡು ಏನ್ ಮಾಡ್ಲಿ?”

ಬೆಳಗ್ಗೆ ಹತ್ತಕ್ಕೆ ಕೊಠಡಿ ಗಿಜಿಗುಡುತ್ತಿತ್ತು. ಕರೆದವರು ಕುರ್ಚಿಗಳಲ್ಲಿ, ಕರೆಯದ ಪ್ರಯಾಣಿಕರು ಗಂಟುಮೂಟೆಗಳ ಮೇಲೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಮ್ಯಾನೇಜರ್ ಚಿತ್ರವನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ, ಹಕ್ಕಿಸಾಲನ್ನು ಎರಡು ಸಲ ತೋರಿಸಿದ, ಆಮೇಲೆ ಮೈಕನ್ನು ಮಬ್ಬಕ್ಕನ ಕೈಗೆ ಕೊಟ್ಟ. ಮಬ್ಬಕ್ಕ ಅದನ್ನು ಕುರ್ಚಿಯ ಮೇಲಿಟ್ಟು, ತಾನು ತಂದ ಸುರುಳಿಯ ದಾರ ಬಿಚ್ಚಿದಳು.

ಬಟ್ಟೆ ಉದ್ದವಾಗಿತ್ತು, ಅವಳ ಕೈ ಗಿಡ್ಡ. ಒಂದು ತುದಿ ಹಿಡಿದು ಎತ್ತಿದರೆ ಇನ್ನೊಂದು ನೆಲಕ್ಕೆ ಜೋಲುತ್ತಿತ್ತು. ಅಷ್ಟರಲ್ಲೇ ಟಿಕೆಟ್ ಕಿಟಕಿಯೊಳಗಿನ ಹೆಂಗಸು, ಆ ಕೊಠಡಿಯ ಉಸ್ತುವಾರಿಯವಳು, ಕೂಗಿಬಿಟ್ಟಳು.

“ಅಯ್ಯಯ್ಯೋ! ಇದು ನನ್ನ ಮದುವೆ ಮೋಡ!”

“ನಮ್ಮದೂ ಕಣೇ!” ಎಂದು ಹಿಂದಿನಿಂದ ಯಾರೋ ಗಂಡನ ಕಡೆ ತಿರುಗಿದಳು. “ನೋಡ್ರೀ, ನೀವು ಆ ದಿಂಬಿನ ಕೆಳಗೇ ನಿಂತಿದ್ರಿ!”

ಜನ ಗೋಡೆ ನೋಡಿದರು, ಬಟ್ಟೆ ನೋಡಿದರು, ಮತ್ತೆ ಗೋಡೆ ನೋಡಿದರು. ಮೊದಲು ಒಬ್ಬ ಕಿಸಕ್ಕೆಂದ. ಆಮೇಲೆ ಇಡೀ ಕೊಠಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಬ್ಬಕ್ಕ ನಗಲಿಲ್ಲ. ಹೊಲಿಗೆಯ ಮೇಲೆ ಬೆರಳಿಟ್ಟಳು.

“ಇದು ಸೈಕಲ್ ನುಗ್ಗಿಸಿ ನಾನೇ ಹರಿದಿದ್ದು. ಅಪ್ಪ ಹೊಲಿದ್ರು. ಈ ಆಕಾಶ ಅವರದು, ಹೆಸರು ಹಾಕೋದಾದ್ರೆ ಅವರದು ಹಾಕಿ. ನಾನು ತೆಗೆದಿದ್ದು ಇದಲ್ಲ.”

ಮ್ಯಾನೇಜರಿನ ಮುಖ ಕಪ್ಪಿಟ್ಟಿತು. ಮೊದಲ ಸಾಲಿನಲ್ಲಿ ಕೂತಿದ್ದ ಅಣ್ಣನತ್ತ ತಿರುಗಿದ. “ನೀವೇ ಹೇಳಿ ಸಾರ್. ಇವರು ಏನೋ ಬೇಜಾರಲ್ಲಿ ಮಾತಾಡ್ತಿದ್ದಾರೆ. ಇದು ಅಸಲಿ ಫೋಟೋ ತಾನೇ?”

ಅಣ್ಣ ಎದ್ದ. ಅಲ್ಲಿದ್ದವರಲ್ಲಿ ಯಾರ ಮೊಡವೆ ಯಾವ ವರ್ಷ ತೆಗೆದದ್ದೆಂದು ಹೇಳಬಲ್ಲ ಮನುಷ್ಯ, ಒಬ್ಬರ ಮುಖವನ್ನೂ ನೋಡಲಿಲ್ಲ. ನೇರ ತಂಗಿಯ ಬಳಿ ನಡೆದು, ನೆಲಕ್ಕೆ ಜೋಲುತ್ತಿದ್ದ ತುದಿಯನ್ನು ಹಿಡಿದು ತನ್ನ ತಲೆಯ ಮೇಲೆ ಎತ್ತಿದ.

“ಹಿಂದಿನವರಿಗೆ ಕಾಣ್ತಾ ಇರ್ಲಿಲ್ಲ,” ಎಂದ.

ಹನ್ನೆರಡಕ್ಕೆ ಅತಿಥಿಗೃಹದ ಕೆಲಸಗಾರರು ಚಿತ್ರ ಇಳಿಸಿ ಹೊತ್ತುಕೊಂಡು ಹೋದರು. “ಪುಸ್ತಕದ ಮಾತು ಮರೆತುಬಿಡಿ,” ಎಂದು ಮ್ಯಾನೇಜರ್ ಬಾಗಿಲಲ್ಲಿ ನಿಂತು ಹೇಳಿದ.

“ಯಾಕೆ ಮರೀಲಿ? ನಾನೇ ಮಾಡ್ತೀನಿ. ಎಷ್ಟು ವರ್ಷ ಆದ್ರೂ ಸರಿ, ಬೂದು ಬಣ್ಣದಲ್ಲೇ ಮಾಡ್ತೀನಿ!” ಎಂದು ಮಬ್ಬಕ್ಕ ಅವನ ಬೆನ್ನಿಗೆ ಕೂಗಿದಳು. ಅವನು ಕಣ್ಮರೆಯಾದ ಮೇಲೆ ಯಾರದೋ ಗಂಟಿನ ಮೇಲೆ ಕುಸಿದು ಕೂತಳು. ಅರವತ್ತು ಚಿತ್ರಗಳೂ ಒಂದೊಂದಾಗಿ ಕಣ್ಣ ಮುಂದೆ ಹಾದುಹೋದವು. ಅಳು ಬಂತು. ನುಂಗಿಕೊಂಡು, ಚೀಲದಿಂದ ತನ್ನ ಚಿತ್ರ ಹೊರತೆಗೆದಳು. ಮೊಳದಗಲದ್ದು, ಚೌಕಟ್ಟೂ ಇಲ್ಲದ್ದು. ಗೋಡೆಯಲ್ಲಿ ಉಳಿದಿದ್ದ ಮೊಳೆಗಳಲ್ಲಿ ಒಂದಕ್ಕೆ ಸಿಕ್ಕಿಸಿ ಟಿಕೆಟ್ ಕಿಟಕಿಯ ಕಡೆ ನೋಡಿದಳು.

“ಗೋಡೆ ದೋಣಿಕಟ್ಟೆದು,” ಎಂದಳು ಒಳಗಿನವಳು. “ಇರ್ಲಿ ಬಿಡು. ಯಾರು ಕೇಳ್ತಾರೋ ನಾನೂ ನೋಡ್ತೀನಿ.”

ದೋಣಿಯವನು ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದ. “ಹಾಂ, ಇದು ಆ ದಿನಾನೇ. ಮೂರು ದಿನ ಜ್ವರದಲ್ಲಿ ಮಲಗಿದ್ದೆ ಪುಣ್ಯಾತ್ಗಿತ್ತಿ.”

ಅಣ್ಣ ಮೂಲೆಯಲ್ಲಿ ಅಪ್ಪನ ಪರದೆಯನ್ನು ಸುಕ್ಕಾಗದಂತೆ ಸುತ್ತುತ್ತಿದ್ದ. “ಆದ್ರೂ ನೀಲಿ ಕಣ್ಣಿಗೆ ತಂಪಾಗಿತ್ತು,” ಎಂದು ಗೊಣಗಿದ. ಮಬ್ಬಕ್ಕ ಅವನತ್ತ ನೋಡಲಿಲ್ಲ, ಸುರುಳಿಗೆ ಕಟ್ಟುವ ದಾರವನ್ನು ಮಾತ್ರ ಚಾಚಿದಳು.

ಒಂದೂವರೆಯ ದೋಣಿ ಬಂತು. ಜನ ಬೆವರು ಒರೆಸಿಕೊಳ್ಳುತ್ತ, ಮಕ್ಕಳನ್ನು ಎಳೆದುಕೊಳ್ಳುತ್ತ ಕೊಠಡಿ ಹಾದುಹೋದರು. ಖಾಲಿ ಗೋಡೆಯ ಮೇಲಿನ ಆ ಪುಟ್ಟ ಬೂದು ಚಿತ್ರವನ್ನು ಹೆಚ್ಚಿನವರು ನೋಡಲೂ ಇಲ್ಲ. ಎಲ್ಲರಿಗಿಂತ ಕೊನೆಗೆ ಬಂದ ಒಬ್ಬ ಮುದುಕಿ ಮಾತ್ರ ಅದರ ಮುಂದೆ ನಿಂತಳು. ಕೈಚೀಲ ನೆಲಕ್ಕಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ, ಬಾಗಿಲ ಆಚೆ ಬಿಸಿಲು ಸುಡುತ್ತಿದ್ದರೂ, ಚಳಿಯಾದವಳ ಹಾಗೆ ಹೆಗಲ ಮೇಲಿದ್ದ ಶಾಲನ್ನು ತಲೆಯ ಮೇಲೆ ಎಳೆದುಕೊಂಡು ಬಿಗಿಯಾಗಿ ಹೊದ್ದಳು.