ಯಂತ್ರ ತೊಳೆದದ್ದು, ನಾನು ಒರೆಸಿದ್ದು

ಮೂವತ್ತೆಂಟೋ ಮೂವತ್ತೊಂಬತ್ತೋ, ಎಣಿಕೆ ತಪ್ಪಿತು, ಈ ಗ್ಲಾಸಿನ ಅಂಚಿನ ಕೆಳಗೆ ಮತ್ತೆ ಅದೇ ಬಿಳಿ ಸುತ್ತು, ಒಣಗಿದ ಹನಿಯದು, ಹಾಲು ಕುಡಿದು ತುಟಿ ಒರೆಸಿಕೊಳ್ಳದ ಮಗುವಿನ ಬಾಯಿಯ ಹಾಗೆ — ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿ ಒಳಗೆ ತಿರುಗಿಸಿದರೆ ಹೋಗುತ್ತದೆ, ಹೋಗುವುದೇ ತೊಂದರೆ, ಹೋಗದೇ ಇದ್ದಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ನೋಡಿರುತ್ತಿದ್ದರು. ತಿರುಗಿಸುವಾಗ ಮಣಿಕಟ್ಟು ಚಳಕ್ ಎನ್ನುತ್ತದೆ, ಡಾಕ್ಟರು ಕಟ್ಟಿಸಿದ ಪಟ್ಟಿ ಒದ್ದೆಯಾಗಿ ಹೆಬ್ಬೆರಳಿನ ಬುಡವನ್ನು ಉಜ್ಜುತ್ತಿದೆ. ಹಿಂಡೋದು, ತಿರುಚೋದು, ಒರೆಸೋದು ಮೂರೂ ಬೇಡಮ್ಮ, ಅಂದರು ಡಾಕ್ಟರು, ಹಾಗಾದರೆ ಇನ್ನು ಉಳಿದದ್ದೇನು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಇವರೇ ಮುಂದೆ ಬಿದ್ದು, ಪಾತ್ರೆ ತೊಳೆಯೋ ಮೆಷಿನ್ ತರಿಸ್ತಾ ಇದ್ದೀನಿ ಡಾಕ್ಟ್ರೇ, ಇನ್ಮೇಲೆ ಇವಳು ರಾಣಿ ಥರ ಕೂತಿರ್ಲಿ. ರಾಣಿ ನಿಂತಿದ್ದಾಳೆ. ಇನ್ನೂರ ನಲವತ್ತು ಗ್ಲಾಸು, ಹನ್ನೆರಡಕ್ಕೆ ನಮ್ಮ ಕೇಟರಿಂಗ್ ವ್ಯಾನು ಹೊರಡಬೇಕು, ಒಂದಕ್ಕೆ ಕಂಪನಿಯವರ ಊಟ, ನಾಲ್ಕಕ್ಕೆ ಮೆಷಿನ್ ಮಾರುವವನು ಫಾರಂ ಹಿಡಿದು ಬರುತ್ತಾನೆ, ಅವನು ಒಂದು ವಾರ ಇಟ್ಟು ನೋಡಿ ಎಂದು ಬಿಟ್ಟುಹೋದ ಯಂತ್ರ, ವಾರ ಇವತ್ತಿಗೆ ಮುಗಿಯಿತು, ಇವರು ಸಹಿ ಹಾಕುತ್ತಾರೆ, ಪೆನ್ನು ಬೆಳಿಗ್ಗೆಯಿಂದಲೇ ಜೇಬಿನಲ್ಲಿದೆ.

ಬೆನ್ನ ಹಿಂದೆ ಅದು ಮತ್ತೆ ಗುರ್ ಎಂದಿತು, ನನಗಿಂತ ಎತ್ತರ, ಹಿಡಿ ಎಳೆದರೆ ಇಡೀ ಮೈ ಮುಚ್ಚಿಕೊಂಡು ಒಂದೂವರೆ ನಿಮಿಷದಲ್ಲಿ ತಟ್ಟೆಗಳನ್ನು ಬಿಸಿಬಿಸಿಯಾಗಿ ಉಗುಳುತ್ತದೆ, ಒಳ್ಳೆಯ ಯಂತ್ರವೇ, ಸುಳ್ಳು ಯಾಕೆ ಹೇಳಲಿ, ತಟ್ಟೆಯ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ತಟ್ಟೆ ತೊಳೆದ ನೀರೇ ಒಳಗೆ ಸುತ್ತಿ ಸುತ್ತಿ ಗ್ಲಾಸಿನ ಮೇಲೂ ಬೀಳುತ್ತದಲ್ಲ, ಎಣ್ಣೆಯ ಜಿಡ್ಡು, ಮೊಟ್ಟೆಯ ವಾಸನೆ, ಮೇಲಿಂದ ನಮ್ಮ ಈ ಗಡಸು ನೀರು, ಕೆಟಲಿನ ತಳದಲ್ಲಿ ಸುಣ್ಣ ಕಟ್ಟುವ ನೀರು, ಅದು ಗ್ಲಾಸಿನ ಮೇಲೆ ಒಣಗಿದರೆ ಮಂಜು ಹಿಡಿದ ಹಾಗೆ. ಹತ್ತೊಂಬತ್ತು ವರ್ಷದಿಂದ ತೊಳೆಯುತ್ತಿರುವವಳು ನಾನು, ತಟ್ಟೆಯ ತೊಟ್ಟಿಗೆ ಗ್ಲಾಸನ್ನು ಒಂದು ದಿನವೂ ಇಳಿಸಿದವಳಲ್ಲ. ಮೆಷಿನ್ ಮಾರುವವನ ಪುಸ್ತಕದ ಕೊನೆಯ ಪುಟದಲ್ಲಿತ್ತು, ಸೊಂಟದೆತ್ತರದ ಪುಟ್ಟ ಯಂತ್ರ, ಗ್ಲಾಸಿಗೆಂದೇ, ಅದರ ನೀರು ಅದಕ್ಕೆ, ನೀರಿನ ಗಡಸು ತೆಗೆಯಲು ಉಪ್ಪು ಹಾಕುವ ಡಬ್ಬಿ ಕೂಡ. ಇದು ಹೇಗೆ ಎಂದು ಕೇಳಿದೆ. ನಾನು ಕೇಳಿದ್ದಕ್ಕೆ ಅವನು ಇವರ ಮುಖ ನೋಡಿಕೊಂಡು ಉತ್ತರ ಕೊಟ್ಟ, ಅದನ್ನ ಹೋಟೆಲ್ ಬಾರಿನೋರು ತಗೋತಾರೆ ಸರ್, ನಿಮಗೆ ದೊಡ್ಡದ್ರಲ್ಲೇ ಎರಡೂ ಆಗ್ಹೋಗುತ್ತೆ. ತಟ್ಟೆಗೆ ಈ ದೊಡ್ಡದರ ಬದಲು ಚಿಕ್ಕ ಅಳತೆಯದು ತೆಗೆದುಕೊಂಡು ಜೊತೆಗೆ ಗ್ಲಾಸಿನದನ್ನೂ ಇಡಬಹುದಲ್ಲ ಎಂದೆ. ತಟ್ಟೆಗೊಂದು, ಗ್ಲಾಸಿಗೊಂದು, ನಾಳೆ ಚಮಚಕ್ಕೂ ಒಂದು ಬೇಕು ಅಂತೀಯ, ಎಂದು ಇವರು ನಕ್ಕರು, ಅವನೂ ನಕ್ಕ, ಬುಕಿಂಗ್ ನೋಡಿಕೊಳ್ಳುವ ಇವರಕ್ಕ ಫೋನು ಕಿವಿಯಿಂದ ತೆಗೆದು, ಏನಂದೆ ಏನಂದೆ ಎಂದು ಕೇಳಿಸಿಕೊಂಡು ತಡವಾಗಿ ನಕ್ಕರು. ಜಾಗ ಎಲ್ಲಿದೆ ಹೇಳು, ಅಂದರು ಇವರು. ಮೂಲೆಯಲ್ಲಿ ಕೆಟ್ಟು ಕೂತ ಫ್ರೀಜರಿದೆ, ಮಾರ್ತೀನಿ ಮಾರ್ತೀನಿ ಎಂದು ಮೂರು ವರ್ಷವಾಯಿತು, ಈಗ ಅದರ ಮೇಲೆ ಇವರ ಹೆಲ್ಮೆಟ್ಟು ಇರುತ್ತದೆ. ಹೆಲ್ಮೆಟ್ಟಿಗೆ ಜಾಗವಿದೆ.

ನಲವತ್ತು. ಇಲ್ಲ, ಇದರ ತಳದಲ್ಲೂ ಇದೆ ಬಿಳಿ ಸುತ್ತು, ಬಾಯಿಂದ ಹಬೆ ಬಿಟ್ಟು ಒರೆಸಬೇಕು — ಬಟ್ಟೆ ನೆಂದಿತು, ಇನ್ನೊಂದು, ಹಳೆಯ ಬೆಡ್‌ಶೀಟು ಹರಿದು ಮಾಡಿದ್ದು, ನೂಲು ಬಿಡುವುದಿಲ್ಲ, ಈ ಬಟ್ಟೆಗಳ ಲೆಕ್ಕ ಯಾವ ಪುಸ್ತಕದ ಯಾವ ಪುಟದಲ್ಲೂ ಇಲ್ಲ. ಮೊದಲ ದಿನ ಯಂತ್ರದಿಂದ ಗ್ಲಾಸಿನ ಬುಟ್ಟಿ ಹೊರಬಂದಾಗ ಯಾರೂ ಒರೆಸು ಎನ್ನಲಿಲ್ಲ, ನಾನೇ ಎತ್ತಿಕೊಂಡೆ, ಕೈಗೆ ಅಭ್ಯಾಸ, ಮಂಕಾದ ಗ್ಲಾಸು ಕಂಡರೆ ಕೈ ತಾನಾಗಿ ಬಟ್ಟೆ ಹುಡುಕುತ್ತದೆ. ಎರಡನೆಯ ದಿನ ಮೆಷಿನಿನವನು ಬಂದ, ಇವರು ಕಪಾಟಿನಿಂದ ಒಂದು ಗ್ಲಾಸು ತೆಗೆದು ಕಿಟಕಿಗೆ ಹಿಡಿದು, ನೋಡ್ರೀ, ಏನು ಫಳಫಳ ಅಂತ, ನನ್ನ ಹೆಂಡತಿ ಇಷ್ಟು ವರ್ಷದಲ್ಲಿ ಹೀಗೆ ತೊಳೆದಿಲ್ಲ. ನಾಚಿಕೆಯಾಗಬೇಕು ನನಗೆ, ಆ ಕ್ಷಣ ಖುಷಿಯಾಯಿತು, ನಾನು ಒರೆಸಿದ ಗ್ಲಾಸು, ನನ್ನನ್ನೇ ಹೊಗಳಿದ ಹಾಗೆ ಸುಮ್ಮನೆ ನಿಂತುಕೊಂಡೆ, ಪೆದ್ದಿ. ಇವರಕ್ಕ ಬೇರೆ, ನನ್ನ ತಮ್ಮನಿಗಿಂತ ಈ ಮೆಷಿನ್ನೇ ವಾಸಿ ಕಣೇ, ಹೇಳಿದ ಕೆಲಸ ಮಾಡುತ್ತೆ, ಎದುರು ಮಾತಾಡಲ್ಲ, ಎಂದರು. ಮಾರನೆಯ ದಿನ ಇವರು ವ್ಯಾನು ತೊಳೆಯುತ್ತಿದ್ದಾಗ ಹೋಗಿ ಹೇಳಿದೆ, ರೀ, ಆ ಗ್ಲಾಸು ಮೆಷಿನ್ ತೊಳೆದ ಹಾಗೇ ಇರ್ಲಿಲ್ಲ, ನಾನು ಒರೆಸಿದ್ದೆ, ಎಲ್ಲಾನೂ ಒರೆಸ್ತಿದ್ದೀನಿ. ಪೈಪು ಹಿಡಿದುಕೊಂಡೇ, ಒಂಚೂರು ಒರೆಸಿದ್ರೆ ಏನೀಗ, ತೊಳೆಯೋದಂತೂ ತಪ್ತಲ್ಲ, ಅಂದರು. ಸಿಟ್ಟಿನಲ್ಲಲ್ಲ, ಪ್ರೀತಿಯಿಂದಲೇ ಅಂದರು, ನನ್ನ ಕೈಗೆಂದೇ ತಾನೇ ಇದೆಲ್ಲ, ಆ ಪ್ರೀತಿಗೆ ಎದುರಾಡುವುದು ಹೇಗೆ ಎಂಬುದೇ ನನಗೆ ಇವತ್ತಿನವರೆಗೂ ಗೊತ್ತಾಗಿಲ್ಲ. ತೊಳೆಯುವುದು ಬಲು ಸುಲಭ ಕಣ್ರೀ, ನೀರಿನಲ್ಲಿ ಕೈ ಹಗುರ, ನೋವೆಲ್ಲ ಒರೆಸುವುದರಲ್ಲೇ ಇರುವುದು — ಇದನ್ನು ಹೇಳಲಿಲ್ಲ, ನೀರಿನ ಸದ್ದಿನಲ್ಲಿ ಕೇಳಿಸುತ್ತಲೂ ಇರಲಿಲ್ಲ.

ಹಾಗಾದರೆ ಈ ವಾರವಿಡೀ ಆ ಯಂತ್ರವನ್ನು ಮಾರಿದವಳು ನಾನೇ. ಅವನಲ್ಲ, ಅವನ ಪುಸ್ತಕವೂ ಅಲ್ಲ, ನಾನು, ಈ ಹರಕು ಬಟ್ಟೆ ಹಿಡಿದು. ಸಂಜೆ ಸಹಿ ಬಿದ್ದರೆ ಇನ್ನು ಹತ್ತು ವರ್ಷ ಅದು ತೊಳೆಯುತ್ತದೆ, ನಾನು ಒರೆಸುತ್ತೇನೆ, ಹೆಸರು ಅದಕ್ಕೆ, ಪಟ್ಟಿ ನನ್ನ ಕೈಗೆ. ಕೈ ನಿಂತಿದೆ, ಬಟ್ಟೆ ಗ್ಲಾಸಿನೊಳಗೇ ಇದೆ. ಇವತ್ತಿನ ಊಟಕ್ಕೆ ಆ ಕಂಪನಿಯ ಮೇಡಂ ಬರುತ್ತಾರೆ, ಕೂತ ಕೂಡಲೇ ಗ್ಲಾಸು ಎತ್ತಿ ಬೆಳಕಿಗೆ ಹಿಡಿದು ನೋಡುವವರು, ಹೋದ ವರ್ಷ ಹಾಗೆ ನೋಡಿ ನನ್ನ ಕಡೆ ತಿರುಗಿ ಮೆಚ್ಚಿ ಚಿಕ್ಕದಾಗಿ ತಲೆ ಆಡಿಸಿದ್ದರು, ಹತ್ತೊಂಬತ್ತು ವರ್ಷದಲ್ಲಿ ಗ್ಲಾಸು ನೋಡಿದವರು ಅವರೊಬ್ಬರೇ. ಅವರು ಮಂಕು ಗ್ಲಾಸು ಎತ್ತಿದರೆ, ಪಕ್ಕದಲ್ಲೇ ಇವರು ನಿಂತಿರುತ್ತಾರೆ, ಹಲ್ಲು ಕಿರಿದುಕೊಂಡು — ಆ ತಲೆ ಆಡಿಸುವುದು ಇನ್ನು ನನಗಿಲ್ಲ. ಇನ್ನೂರು ಗ್ಲಾಸು ಬುಟ್ಟಿಯಲ್ಲಿ ಹಾಗೇ ಇವೆ. ಗ್ಲಾಸ್ ಆಯ್ತೇನೇ, ಹೊರಗಿನಿಂದ ಇವರ ಕೂಗು, ವ್ಯಾನಿನ ಬಾಗಿಲು ಎಳೆದ ಸದ್ದು, ಇವರಕ್ಕ, ಬೇಗ ಬೇಗ, ದಾರೀಲಿ ಟ್ರಾಫಿಕ್ ಇದೆಯಂತೆ. ಒರೆಸಿದ ನಲವತ್ತನ್ನು ಪೆಟ್ಟಿಗೆಯ ತಳದ ಸಾಲಿಗೆ ಇಡುತ್ತೇನೆ. ಮೇಲಿನ ಸಾಲಿಗೆ ಬುಟ್ಟಿಯಿಂದ ನೇರವಾಗಿ, ಒಂದೊಂದೇ, ಯಂತ್ರ ತೊಳೆದಂತೆ, ಯಂತ್ರ ತೊಳೆದಷ್ಟೇ. ಬಟ್ಟೆ ಹಿಂಡದೆ ಮಡಿಸಿ ಹೆಲ್ಮೆಟ್ಟಿನ ಕೆಳಗೆ. ಆಯ್ತು ರೀ, ಎನ್ನುತ್ತೇನೆ, ದನಿ ಎಂದಿನ ಹಾಗೇ ಇದೆ. ಕೊನೆಯ ಗ್ಲಾಸನ್ನು ಇಡುವ ಮುಂಚೆ ಒಮ್ಮೆ ಕಿಟಕಿಗೆ ಹಿಡಿದೆ, ಕೈ ಬಟ್ಟೆಯನ್ನು ಹುಡುಕಿತು, ಹುಡುಕಲಿ, ಅಂಚಿನ ಕೆಳಗೆ, ಬೆಳಕಿನಲ್ಲಿ, ಒಣಗಿದ ಹನಿಯ ಬಿಳಿ ಸುತ್ತು —