ಇಟ್ಟಂಗಿ ತಟ್ಟಿ ಆರಿಸಿದ ಒಲೆ

೧೯೮೪ರ ಮಾತು. ಪುಣೆಯ ಬಿಬವೇವಾಡಿ ಅಂಚಿನಲ್ಲಿ ಕನ್ನಡ ನಾಡಿನಿಂದ ದುಡಿಯಲು ಬಂದ ಕಟ್ಟಡ ಕೆಲಸದವರ ಒಂಬತ್ತು ಜೋಪಡಿಗಳಿದ್ದವು. ಅಲ್ಲಿಯ ಯಂಕವ್ವನ ಸೊಸೆ ಅಂಬಾಬಾಯಿಗೆ ಕೆಮ್ಮು ಹತ್ತಿ ಎರಡು ವರ್ಷವಾಗಿತ್ತು. ಇನ್ನೊಂದು ಚಳಿಗಾಲ ಒಲೆಯ ಹೊಗೆ ಕುಡಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಅಂಥದರಲ್ಲಿ ಒಂದು ಸಂಸ್ಥೆಯಿಂದ ಲೀಲಾಕ್ಷಿ ಬಂದಳು. ಕರಾವಳಿಯ ಹೋಟೆಲಿನವರ ಮಗಳು, ಕಲಿತವಳು. ಬಿಸಿಲಿನ ಪೆಟ್ಟಿಗೆ ಒಲೆ, ಸೆಗಣಿ ಗ್ಯಾಸು, ಗಾಳಿ ಚಕ್ರದ ಕರೆಂಟು, ಹೊಗೆಯಿಲ್ಲದ ಅಡಿಗೆಗೆ ಈ ಮೂರರಲ್ಲಿ ಒಂದನ್ನು ಸಂಸ್ಥೆ ಹಾಕಿಕೊಡುತ್ತದೆ, ಒಂದೊಂದಕ್ಕೂ ಹತ್ತರೊಳಗೆ ಮಾರ್ಕು ಕೊಡಿ ಎಂದಳು. ಜನ ಹೇಳಿದರು, ಅವಳು ಬರೆದುಕೊಂಡಳು. ಬಿಸಿಲಿಗೆ ಎಲ್ಲರದೂ ಹತ್ತಕ್ಕೆ ಹತ್ತು.

“ಬಿಸಿಲೇ ಗೆದ್ದಿತಲ್ಲ ಅಜ್ಜಿ. ಹಿರಿಯರು ನೀವು, ಎಲ್ಲರ ಪರವಾಗಿ ಹೆಬ್ಬೆಟ್ಟು ಒತ್ತಿ,” ಎಂದಳು ಲೀಲಾಕ್ಷಿ.

ಯಂಕವ್ವ ಕೈ ಮುಂದೆ ಮಾಡಲಿಲ್ಲ. “ಬಾಯಾರ, ದಿನಾ ಮುಂಜಾನೆ ಕೈ ಮುಗಿಯೂ ಸೂರ್ಯ ದೇವರಿಗೆ ಕಡಿಮಿ ಮಾರ್ಕು ಹ್ಯಾಂಗ ಕೊಡೂದ್ರಿ? ಎಂಟು ಅನ್ನಾಕ ನಾಲಿಗಿ ಏಳಲಿಲ್ಲ. ನಾನೂ ಹತ್ತು ಅಂದೆ. ತಪ್ಪಾತು.”

ಜನ ನಕ್ಕರು. ಆದರೆ ತಮ್ಮದೂ ಅದೇ ಕಥೆ ಎಂದು ಒಪ್ಪಿಕೊಂಡರು.

ಮೂವತ್ತು ವರ್ಷ ಇಟ್ಟಂಗಿ ಹೊತ್ತವಳು ಯಂಕವ್ವ. ಗಟ್ಟಿಯದನ್ನು ಆರಿಸುವಾಗ ಎರಡನ್ನು ಕೈಯಲ್ಲಿ ಹಿಡಿದು ಒಂದಕ್ಕೊಂದು ತಟ್ಟುತ್ತಿದ್ದಳು. ಸದ್ದಿಲ್ಲದ್ದು ಆಚೆ, ಠಣ್ಣೆಂದದ್ದು ಕೈಯಲ್ಲೇ, ಮುಂದಿನದಕ್ಕೆ ತಟ್ಟಲು.

“ಈ ಮೂರನ್ನೂ ಹಂಗ ಎರಡೆರಡು ತಟ್ಟಿ ನೋಡೂಣ್ರಿ.”

“ಇಟ್ಟಂಗಿ ತಟ್ಟಿ ಸಂಸ್ಥಾ ನಡಸ್ತಾಳ ನೋಡ್ರಿ ಮುದುಕಿ!” ಎಂದ ಪಕ್ಕದ ಎಮ್ಮೆ ಕೊಟ್ಟಿಗೆಯ ಸಿದ್ರಾಮಪ್ಪ.

“ನಿನ್ನ ಎಮ್ಮಿ ಸೆಗಣೀನ ತಟ್ಟತೀನಿ, ಸುಮ್ಕ ಕುಂದ್ರೋ.”

ಮೊದಲು ಗಾಳಿ ಮತ್ತು ಸೆಗಣಿ. ಆಷಾಢ ಬಿಟ್ಟರೆ ಇಲ್ಲಿ ಗಾಳಿಯೆಲ್ಲಿ? ಗಾಳಿ ಆಚೆ ಹೋಯಿತು. ಉಳಿದದ್ದು ಬಿಸಿಲು ಮತ್ತು ಸೆಗಣಿ.

“ಏಳಕ್ಕ ಕೆಲಸಕ್ಕ ಹೋಗ್ತೀವಿ, ಕತ್ತಲಾದ ಮ್ಯಾಲ ಬರ್ತೀವಿ. ಆ ಪೆಟಿಗ್ಯಾಗ ಅನ್ನ ಬೇಯಬಹುದು. ಜ್ವಾಳದ ರೊಟ್ಟಿ ಬೇಯ್ತದೇನ್ರಿ?”

ಲೀಲಾಕ್ಷಿ ಕಾಗದ ತಿರುವಿ ನೋಡಿದಳು. “ಬೇಯುವುದಿಲ್ಲ ಅಜ್ಜಿ. ಯಾವಾಗ ಅಡಿಗೆ ಮಾಡ್ತೀರಿ, ಏನು ಮಾಡ್ತೀರಿ ಅಂತ ನಾನು ಕೇಳಲೇ ಇಲ್ಲ.” ಮಾರ್ಕುಗಳ ಮೇಲೆ ಗೀಟು ಎಳೆದಳು. ಸಿದ್ರಾಮಪ್ಪ ತನ್ನ ಇಪ್ಪತ್ತು ಎಮ್ಮೆಯ ಸೆಗಣಿ ಕೊಡಲು ಹೂಂ ಎಂದ. ಯಂಕವ್ವ ಹೆಬ್ಬೆಟ್ಟು ಒತ್ತಿದಳು.

ದೀಪಾವಳಿಗೆ ಮುಂಚೆ ಗ್ಯಾಸು ಬಂತು. ಅಂಬಾಬಾಯಿಯ ಕೆಮ್ಮು ಪೂರ್ತಿ ಹೋಗಲಿಲ್ಲ. ಆದರೆ ಆ ಚಳಿಗಾಲ ದಾಟಿದಳು.

ಶಿವರಾತ್ರಿಯ ಮುಂಜಾನೆ ಯಂಕವ್ವ ಎಂದಿನಂತೆ ಹೊರಗೆ ನಿಂತು ಸೂರ್ಯನಿಗೆ ನೀರು ಬಿಟ್ಟಳು. ಒಳಗೆ ಸೊಸೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

“ತಪ್ಪು ತಿಳ್ಕೋಬ್ಯಾಡಪ್ಪಾ,” ಎಂದಳು. “ಈಕಿ ಸಲುವಾಗಿ ನಿನ್ನ ಆಚೆ ಇಟ್ಟೆ.”