ಒಲ್ಲದ ಪಟ್ಟ

ಇಪ್ಪತ್ತಾರು ವರ್ಷ ರೋಮಿನ ಗಡಿಗಳಲ್ಲೇ ಸವೆದ ಮೇಲೆ ಪಬ್ಲಿಯಸ್ ಕಾಲ್ವೆಂಟಿಯಸ್ ಅವರಿಗೆ ಡಾನ್ಯೂಬ್ ದಂಡೆಯ ಈ ಪ್ರಾಂತ್ಯದ ಅಧಿಕಾರ ಸಿಕ್ಕಿತು. ನಾನು ಅವರ ಲಿಪಿಕಾರ. ಅವರೇ ಬಿಡುಗಡೆ ಮಾಡಿದ ಗುಲಾಮ; ಅವರನ್ನು ದೊರೆ ಎಂದೇ ಕರೆಯುತ್ತಿದ್ದೆ.

ಆ ಚಳಿಗಾಲ ನದಿ ಹೆಪ್ಪುಗಟ್ಟಿತು. ಆಚೆ ದಡದವರು ಕುದುರೆಗಳ ಮೇಲೆ ನುಗ್ಗಿದರು. ದೊರೆ ಒಲೆಗಳ ಬೂದಿಯನ್ನೆಲ್ಲ ಮಂಜುಗಡ್ಡೆಗೆ ಸುರಿಸಿ, ನಮ್ಮವರ ಕಾಲು ಜಾರದಂತೆ ಮಾಡಿ, ನದಿಯ ನಡುವೆಯೇ ಶತ್ರುಗಳನ್ನು ಸದೆಬಡಿದರು.

ಮರುದಿನ ಬೆಳಿಗ್ಗೆ ದಂಡು ಸಾಲುಗಟ್ಟಿ ನಿಂತಿತ್ತು. ನೂರಾಳಿನ ನಾಯಕ ಸಬಿಡಿಯಸ್ ಮುಂದೆ ಬಂದ. ಹಿಂದೊಮ್ಮೆ ಸಿರಿಯಾದಲ್ಲಿ ಗಾಯಗೊಂಡಿದ್ದ ದೊರೆಯನ್ನು ರಣರಂಗದಿಂದ ಹೊತ್ತು ತಂದವನು ಅವನೇ. ಈಗ ಅವರ ಹೆಗಲಿಗೆ ಚಕ್ರವರ್ತಿಯ ನೇರಳೆ ವಸ್ತ್ರ ಹೊದಿಸಿ, "ಚಕ್ರವರ್ತಿ ಕಾಲ್ವೆಂಟಿಯಸ್!" ಎಂದು ಕೂಗಿದ. ನಾಲ್ಕು ಸಾವಿರ ಕಂಠ ದನಿಗೂಡಿಸಿದವು.

ದೊರೆ ಮೈಮೇಲೆ ಹಾವು ಬಿದ್ದವರಂತೆ ವಸ್ತ್ರ ಕಿತ್ತೆಸೆದರು. "ತಲೆ ಕೆಟ್ಟಿದೆಯೇನೋ? ನನ್ನನ್ನ ಕೊಲ್ಲಿಸ್ತೀಯಾ?"

"ಕೊಲ್ಲೋರು ಯಾರು? ರೋಮಲ್ಲಿ ಕೂತು ಅಂಜೂರ ಮೇಯ್ತಿರೋ ಆ ಪುಣ್ಯಾತ್ಮ ಚಕ್ರವರ್ತಿನಾ? ನಮಗೆ ಹುಳ ಬಿದ್ದ ಗೋಧಿ ಕಳಿಸ್ತಾನಲ್ಲ, ಅವನಾ? ನೀನು ಹೂಂ ಅನ್ನು ಸಾಕು, ಕಿವಿ ಹಿಡ್ಕೊಂಡು ಎಳ್ಕೊಂಡ್ ಬರ್ತೀವಿ."

ದಂಡು ಗೊಳ್ಳೆಂದು ನಕ್ಕಿತು. ದೊರೆ ನಗಲಿಲ್ಲ. ಸಬಿಡಿಯಸ್‌ನನ್ನು ಕಟ್ಟಿಸಿದರು.

"ಕುಡಿದಿದ್ದ ಅಂತ ವರದಿಯಲ್ಲಿ ಬರೆದ್ಬಿಡೋಣ ದೊರೆ," ಎಂದೆ.

"ಕುಡಿದಿರ್ಲಿಲ್ಲ ಅಂತ ಎಲ್ಲರಿಗೂ ಗೊತ್ತು ಕಣಯ್ಯಾ. ಇವನನ್ನ ಬಿಟ್ರೆ ನಾಳೆ ಇನ್ನೊಬ್ಬ ಕೂಗ್ತಾನೆ. ಆಮೇಲೆ ನಮ್ಮೋರು ನಮ್ಮೋರನ್ನೇ ಕಡೀತಾರೆ."

ದಂಡಿನ ಎದುರೇ ಅವನ ತಲೆ ಕಡಿಯುವ ಏರ್ಪಾಡಾಯಿತು. ಸಬಿಡಿಯಸ್ ತನ್ನ ಪದಕಗಳನ್ನು ತಾನೇ ಬಿಚ್ಚಿಕೊಟ್ಟ. "ಆವತ್ತು ನಿನ್ನ ಹೊತ್ಕೊಂಡಾಗ್ಲೇ ನನ್ನ ಬೆನ್ನು ಹೇಳ್ತು ಪಬ್ಲಿಯಸ್, ಈ ಭಾರ ಬೇಡ ಕಣೋ ಅಂತ," ಎಂದು ಕತ್ತು ಬಾಗಿಸಿದ.

ದೊರೆ ಕೊನೆಯವರೆಗೂ ನಿಂತು ನೋಡಿದರು. ಬಿಡಾರಕ್ಕೆ ಬಂದ ಮೇಲೆ ಪಾದರಕ್ಷೆಯನ್ನೂ ಬಿಚ್ಚದೆ ಕೂತರು; ನಾನೇ ಬಿಚ್ಚಿದೆ. ಅಂದಿನಿಂದ ಸೈನಿಕರು ವಂದಿಸುತ್ತಿದ್ದರು, ಮುಖ ನೋಡುತ್ತಿರಲಿಲ್ಲ.

ನಲವತ್ತು ದಿನಕ್ಕೆ ರೋಮಿನಿಂದ ಇಬ್ಬರು ಅಧಿಕಾರಿಗಳು ಚಕ್ರವರ್ತಿಯ ಪತ್ರ ತಂದರು. ನಾನೇ ಓದಿದೆ. ಮೊದಲ ಸಾಲಿನಲ್ಲಿ ದೊರೆಯ ನಿಷ್ಠೆಗೆ ಮೆಚ್ಚುಗೆ. ಎರಡನೆಯದರಲ್ಲಿ, ದಂಡು ಒಮ್ಮೆ ಚಕ್ರವರ್ತಿ ಎಂದು ಕರೆದವನು ಬದುಕಿರುವುದು ಸಾಮ್ರಾಜ್ಯಕ್ಕೆ ಕ್ಷೇಮವಲ್ಲ, ತನ್ನ ಕೈಯಿಂದಲೇ ಮುಗಿಸಿಕೊಂಡರೆ ಹೆಂಡತಿ ಮಕ್ಕಳಿಗೆ ತೊಂದರೆಯಿಲ್ಲ ಎಂದಿತ್ತು.

ಬಂದವರು ಇಬ್ಬರೇ. ಹೊರಗೆ ನಾಲ್ಕು ಸಾವಿರ ಜನ. "ದಂಡನ್ನ ಕರೀರಿ ದೊರೆ," ಎಂದು ಕಾಲು ಹಿಡಿದೆ.

"ಕರೆದ್ರೆ ಬರ್ತಿದ್ದೋನು ಒಬ್ಬನೇ," ಎಂದರು. "ಅವನನ್ನ ನಾನೇ ಕಳಿಸ್ಬಿಟ್ಟೆ."

ಸ್ನಾನ ಮಾಡಿದರು. ಹೆಂಡತಿಗೆ ನಾಲ್ಕು ಸಾಲು ಬರೆಸಿದರು. ಅವರು ಮೇಲೆ ಬೀಳಲೆಂದು ಕತ್ತಿಯ ಹಿಡಿಯನ್ನು ನಾನು ನೆಲಕ್ಕೆ ಒತ್ತಿ ಹಿಡಿಯಬೇಕಾಯಿತು. ಮಧ್ಯಾಹ್ನದ ಕಹಳೆ ಊದುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಚಿತೆಗೆ ಸೌದೆ ಹೊರಲು ಆಳು ಬೇಕೆಂದು ಪಾಳೆಯದಲ್ಲಿ ಕೇಳುತ್ತ ಹೋದೆ. ಆರು ಮಂದಿ ಎದ್ದು ಬಂದರು. ಆರೂ ಜನ ಸಬಿಡಿಯಸ್‌ನ ಕೈಕೆಳಗಿದ್ದವರು. ಹೊತ್ತು ತಂದು, ಒಟ್ಟಿ, ಹೊರಟುಹೋದರು.